ಡಬ್ಬಿ ಅಂಗಡಿಯ ದೂರಿಗಿಂತ ಮೊದಲು ಆಸ್ಪತ್ರೆಯ ಪಟ್ಟಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಲೈಸೆನ್ಸ್ ಇರುವ ಮದ್ಯದಂಗಡಿಗಿಂತ, ಕದ್ದು ಮದ್ಯ ಮಾರುವ ಡಬ್ಬಿ ಅಂಗಡಿಯದೇ ದೊಡ್ಡ ತಲೆನೋವು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದ ಮೇಲೆ 90 ಮಿಲಿ ಪಾಕೀಟು, 180ರ ಕ್ವಾರ್ಟರ್ ಆ ಜಾಗ ಹಿಡಿದವು. ಬೀಡಿ, ಚಹಾಪುಡಿಯ ಜತೆ ಉದ್ರಿಯಾಗಿ, ನಸುಕಿನಲ್ಲೇ ಸಿಗುತ್ತವೆ. ಇದನ್ನು ನಿಲ್ಲಿಸಲು ಹೊರಟವರು ಸಾಮಾನ್ಯವಾಗಿ ಅಬಕಾರಿ ಕಚೇರಿಗೆ ಮೊದಲು ಹೋಗುತ್ತಾರೆ. ನಾನು ತಾಲೂಕು ಆಸ್ಪತ್ರೆಗೆ ಹೋಗುತ್ತೇನೆ.

ಯಾಕಂದರೆ ದಾಳಿಯಾಗಿ ಅಂಗಡಿ ಮುಚ್ಚಿ, ದಿನಾ ಕುಡಿಯುವವನಿಗೆ ಒಮ್ಮೆಲೇ ಶೆರೆ ಸಿಗದಿದ್ದರೆ ಆರೆಂಟು ತಾಸಿಗೆ ಕೈನಡುಕ, ಬೆವರು ಶುರು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದು ಕಾಣುವುದು, ಯಾರೋ ಹೊಡೆಯಲು ಬಂದರೆಂದು ಓಡುವುದು. ಇದು ಜೀವಕ್ಕೇ ಅಪಾಯ. ಮನೆಯವರು ಗಾಳಿ ಸೋಂಕೆಂದು ದರ್ಗಾಕ್ಕೋ ಗುಡಿಗೋ ಕರೆದೊಯ್ಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹಾಗಾಗಿ ಆಶಾ ಕಾರ್ಯಕರ್ತೆಯರ ಜತೆ ಮನೆಮನೆಗೆ ಹೋಗಿ ಕುಡಿತ ಎಷ್ಟು ಮಿತಿಮೀರಿದೆ ಎಂದು ಅಳೆಯುವ ಆಡಿಟ್ (AUDIT) ಎಂಬ ಹತ್ತು ಪ್ರಶ್ನೆಗಳ ಪಟ್ಟಿ ತುಂಬುತ್ತೇವೆ. ಒಟ್ಟು 40 ಅಂಕ. 20 ಮತ್ತು ಮೇಲ್ಪಟ್ಟವರನ್ನು ವೈದ್ಯರಿಗೆ ತೋರಿಸಲೇಬೇಕು. ‘ಎಷ್ಟು ಕುಡಿತೀರಿ’ ಅಂದರೆ ‘ಸ್ವಲ್ಪರೀ’ ಅನ್ನುತ್ತಾರೆ. ದಿನಕ್ಕೆ ಎಷ್ಟು ಪಾಕೀಟು ಅಂತ ಕೇಳಬೇಕು. ಶೇ. 42.8ರ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್, ಅಂದರೆ ಹತ್ತು ಗ್ರಾಂನ ಆರು ಅಳತೆ. ಪಾಕೀಟೊಂದು ಮೂರು ಅಳತೆ. ಮುಂಜಾನೆ ನಡುಕ ನಿಲ್ಲಿಸಲು ಕುಡಿಯುವವರನ್ನು, ಹಿಂದೆ ಫಿಟ್ಸ್ ಬಂದವರನ್ನು ಬೇರೆ ಬರೆದುಕೊಳ್ಳುತ್ತೇವೆ. ಅವರಿಗೆ ಮನೆಯಲ್ಲಿ ಬಿಡಿಸುವ ಮಾತೇ ಇಲ್ಲ, ಆಸ್ಪತ್ರೆಗೆ ದಾಖಲಾತಿಯೇ. ಉಳಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್. ನಡುವೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416.

ಊರಿನ ವೈದ್ಯರು ತಕ್ಷಣ ‘ಬಾಟಲಿ ಹಚ್ಚುತ್ತಾರೆ’, ಅಂದರೆ ಡ್ರಿಪ್ ಹಾಕುತ್ತಾರೆ. ಬರೀ ಗ್ಲೂಕೋಸ್ ಇಲ್ಲಿ ಕೆಡುಕು. ವಿಟಮಿನ್ ಬಿ1, ಅಂದರೆ ಥಯಾಮಿನ್ ಇಂಜೆಕ್ಷನ್ ಮೊದಲು ಅಥವಾ ಜತೆಗೇ ಆಗಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು. ಇನ್ನೊಂದು, ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’. ಅದರಲ್ಲಿ ಡೈಸಲ್ಫಿರಾಂ, ಅಂದರೆ ಮದ್ಯದ ಜತೆ ಸೇರಿದರೆ ಮೈಗೆ ಆಗದ ಕುಡಿತ ಬಿಡಿಸುವ ಔಷಧಿ, ಇದ್ದರೆ, ಅವನು ಕುಡಿದಾಗ ಬಿಪಿ ಕುಸಿದು ಸಾಯಬಹುದು. ಗುಳಿಗೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇದ್ದೇ ಇರುತ್ತದೆ. ಹೆಂಡತಿಯರಿಗೆ ಇದನ್ನು ಬಿಡಿಸಿ ಹೇಳಲೇಬೇಕು, ಬೈಯಬಾರದು.

ಆಮೇಲೆ ದೂರು. ‘ಇಲ್ಲಿ ಕುಡಿಯುತ್ತಾರೆ’ ಎಂದು ಬರೆದರೆ ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 15(ಎ) ಅಡಿ, ಸಾರ್ವಜನಿಕ ಜಾಗದಲ್ಲಿ ಕುಡಿದ ಹಗುರ ಪ್ರಕರಣವಾಗಿ ಮುಗಿಯುತ್ತದೆ. ‘ಲೈಸೆನ್ಸ್ ಇಲ್ಲದೆ ಸಂಗ್ರಹಿಸಿ ಮಾರುತ್ತಾರೆ’ ಎಂದರೆ ಕಲಂ 32, 34ರ ವಿಷಯ. ಮಾಲು ಎಲ್ಲಿದೆ, ಯಾವ ಹೊತ್ತಿಗೆ ಬೈಕಿನಲ್ಲಿ ಬರುತ್ತದೆ, ಎರಡನ್ನೂ ಬರೆಯಬೇಕು. ಒಬ್ಬರ ಹೆಸರಲ್ಲಿ ಬೇಡ; ಮಹಿಳಾ ಗ್ರಾಮಸಭೆಯ ಠರಾವು ಲಗತ್ತಿಸಿ, ಸ್ವೀಕೃತಿ ಪ್ರತಿ ಇಟ್ಟುಕೊಳ್ಳಬೇಕು.

ದಾಳಿಯಾದ ಮೇಲೆ ಮಾಲು ಹೊಲದ ಪಂಪ್‌ಸೆಟ್ ಮನೆಗೆ ಸರಿಯುತ್ತದೆ. ಗುಳೆ ಹೋದವರು ಅಲಾಯಿ ಹಬ್ಬಕ್ಕೆ (ಮೊಹರಂ), ಯುಗಾದಿಗೆ ಕೈಯಲ್ಲಿ ದುಡ್ಡಿಟ್ಟುಕೊಂಡು ಮರಳುವಾಗ ಮಾಲು ಮತ್ತೆ ಅಂಗಡಿಗೇ ಬರುತ್ತದೆ. ಎರಡನೇ ದೂರಿಗೆ ಆ ವಾರವೇ ಸರಿ.