ಹೆಪ್ಪುಗಟ್ಟುವ ಮುನ್ನ ಅಲರ್ಟ್: ನಮ್ಮ ಮೆಡಿಕಲ್ ವಾರ್ಡುಗಳಲ್ಲಿ ಅಳವಡಿಸಿದ ಬಗೆ

ಕಾಲಿನ ಒಳರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ತಡೆಯುವ ಇಂಜೆಕ್ಷನ್ ಸ್ಟೋರ್‌ನಲ್ಲೇ ಇರುತ್ತದೆ, ಬರೆಯುವುದು ಮರೆತುಹೋಗುತ್ತದೆ. ಬೋಸ್ಟನ್ನಿನ ಬ್ರಿಗಮ್ ಆಸ್ಪತ್ರೆಯ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರಿಗೆ ಕಂಪ್ಯೂಟರ್ ಅಲರ್ಟ್ ಹೋದ ಗುಂಪಿನಲ್ಲಿ 90 ದಿನದೊಳಗೆ ಹೆಪ್ಪುಗಟ್ಟಿದ್ದು ಶೇ 4.9 ಮಂದಿಗೆ, ಹೋಗದ ಗುಂಪಿನಲ್ಲಿ ಶೇ 8.2. ಆದರೆ ಅಲರ್ಟ್ ಹೋದ ಮೇಲೂ ತಡೆ ಚಿಕಿತ್ಸೆ ಸಿಕ್ಕಿದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ನನ್ನ ತಲೆ ಕೊರೆದದ್ದು ಈ ಕೊನೆಯ ಅಂಕಿ.

ಯಾರಿಗೆ ಹೆಪ್ಪುಗಟ್ಟುವ ಅಪಾಯ ಹೆಚ್ಚೆಂದು ಅಂಕ ಕೊಟ್ಟು ಅಳೆಯಲು ನಾವು ಬಳಸಿದ್ದು ಪಡುವಾ ಸ್ಕೋರ್. ಸಕ್ರಿಯ ಕ್ಯಾನ್ಸರ್, ಹಿಂದೆ ಹೆಪ್ಪುಗಟ್ಟಿದ್ದು, ಓಡಾಟ ಕುಗ್ಗಿರುವುದು ಇವಕ್ಕೆ ತಲಾ 3. ತಿಂಗಳೊಳಗಿನ ಆಪರೇಷನ್‌ಗೆ 2. 70 ತುಂಬಿದ್ದರೆ, ಹೃದಯ ವೈಫಲ್ಯವಿದ್ದರೆ, ಸೋಂಕಿದ್ದರೆ ಒಂದೊಂದು. ಒಟ್ಟು 4 ಮುಟ್ಟಿದರೆ ಅಲರ್ಟ್. ಲೆಕ್ಕ ಕೆಡುವುದು ಓಡಾಟದಲ್ಲಿ. ರೋಗಿ ಬಾತ್‌ರೂಮಿಗೆ ಎದ್ದು ಹೋದರೆ ನರ್ಸ್ ‘ನಡೆಯುತ್ತಾರೆ’ ಎಂದು ಟಿಕ್ ಮಾಡುತ್ತಾರೆ. ಪಡುವಾ ಪ್ರಕಾರ ಮೂರು ದಿನ ಬರೀ ಬಾತ್‌ರೂಮಿನ ಓಡಾಟವಿದ್ದರೂ 3 ಅಂಕ. ಹಾಗಾಗಿ ಫಾರ್ಮಿನ ಪ್ರಶ್ನೆಯನ್ನೇ ‘ವಾರ್ಡಿನ ಆಚೆ ಬಾಗಿಲವರೆಗೆ ನಡೆದರೇ?’ ಎಂದು ಬದಲಿಸಿ, ಮೊದಲೇ ತುಂಬಿರುತ್ತಿದ್ದ ಉತ್ತರವನ್ನು ತೆಗೆದೆವು.

ಅಲರ್ಟ್ ಏಳುವುದು ಡಾಕ್ಟರ್ ಔಷಧ ಬರೆಯಲು ಕೂತಾಗ. ಫೈಲ್ ತೆರೆದ ಕೂಡಲೇ ಎದ್ದರೆ ಯಾರೂ ಓದದೆ ಮುಚ್ಚುತ್ತಾರೆ. ಅದರೊಳಗೇ ತಡೆಯುವ ಇಂಜೆಕ್ಷನ್ನಿನ ಆರ್ಡರ್ ಸಿದ್ಧವಿರಬೇಕು: ಎನಾಕ್ಸಾಪರಿನ್ 40 ಮಿ.ಗ್ರಾಂ, ಚರ್ಮದಡಿ, ದಿನಕ್ಕೊಮ್ಮೆ. ಮೂತ್ರಪಿಂಡದ ಕೆಲಸವನ್ನು ಅಳೆಯುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕಡಿಮೆಯಿದ್ದರೆ ಹೆಪಾರಿನ್ 5000 ಯೂನಿಟ್, 12 ಗಂಟೆಗೊಮ್ಮೆ. ಈ ಲೆಕ್ಕಕ್ಕೆ ತೂಕ ಬೇಕು, ಮಂಚದಿಂದ ಏಳದವರ ತೂಕವೇ ಫೈಲಿನಲ್ಲಿರುವುದಿಲ್ಲ! ತೂಕ ಖಾಲಿಯಿದ್ದರೆ ಡೋಸ್ ತೋರಿಸದೆ, ಮೊದಲು ತೂಕ ಕೇಳುವಂತೆ ಮಾಡಿದ್ದೇವೆ. ರಕ್ತಸ್ರಾವವಿದ್ದರೆ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಇಂಜೆಕ್ಷನ್ ಬದಲು ಕಾಲನ್ನು ಆಗಾಗ ಒತ್ತಿ ರಕ್ತ ಹರಿಯುವಂತೆ ಮಾಡುವ ಪಂಪ್. ‘ಬೇಡ’ ಎನ್ನುವವರು ಕಾರಣ ಆರಿಸಲೇಬೇಕು. ಆ ಕಾರಣ ಅಳಿಯುವವರೆಗೆ ಅಲರ್ಟ್ ಮರಳದು.

ಹೆಚ್ಚು ಕೆಲಸ ಹಿಡಿದದ್ದು ಬ್ರ್ಯಾಂಡ್ ಹೆಸರುಗಳು. ಈಗಾಗಲೇ ವಾರ್ಫರಿನ್ ಅಥವಾ ರಿವರೊಕ್ಸಬಾನ್‌ನಂಥ ಹೆಪ್ಪು ತಡೆಯುವ ಮಾತ್ರೆ ನುಂಗುತ್ತಿರುವವರಿಗೆ ಮೇಲಿಂದ ಇಂಜೆಕ್ಷನ್ ಹೋದರೆ ರಕ್ತಸ್ರಾವ ಖಚಿತವಲ್ಲದಿದ್ದರೂ ಹತ್ತಿರವಾಗುತ್ತದೆ. ಇಂಥವರನ್ನು ಕಂಪ್ಯೂಟರ್ ಗುರುತಿಸಲೆಂದು, ಫಾರ್ಮಸಿ ಪಟ್ಟಿಯಲ್ಲಿರುವ ಪ್ರತಿ ಬ್ರ್ಯಾಂಡನ್ನೂ ಮೂಲ ಔಷಧದ ಹೆಸರಿಗೆ ಕಟ್ಟಿದ ಮೇಲಷ್ಟೇ ಅಲರ್ಟ್ ಚಾಲೂ ಮಾಡಬೇಕು. ಹೊಸ ಬ್ರ್ಯಾಂಡ್ ಸ್ಟಾಕಿಗೆ ಬಂದ ದಿನವೇ ಅದನ್ನೂ ಸೇರಿಸುವ ಹೊಣೆ ನಮ್ಮಲ್ಲಿ ಫಾರ್ಮಸಿಸ್ಟ್‌ರದು.