ಅಪ್ಪ ಅಮ್ಮನ ಮದುವೆ ವರ್ಷದ ಹಿಟ್ ಹಾಡು ಹುಡುಕುವುದು ಹೇಗೆ

2022ರ ಮೇ ತಿಂಗಳಿಗೆ ನಮ್ಮ ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ. ಕುಮಟಾ ಮನೆಯಲ್ಲಿ ಎಲ್ಲರೂ ಸೇರುವವರಿದ್ದೆವು. ಆ ವರ್ಷ ದೇಶದಲ್ಲಿ ಓಡಿದ ಹಾಡುಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಡಬೇಕು ಅಂತ ನನಗೆ ಆಸೆ. ಕಾರವಾರದಲ್ಲಿ ಕೂತು ರಾತ್ರಿ ಹೊತ್ತು ಹುಡುಕಿದೆ. ನೀವೂ ಮಾಡುವುದಾದರೆ ಒಂದು ವಾರ ಕೈಯಲ್ಲಿಟ್ಟುಕೊಳ್ಳಿ.

ಸಿನಿಮಾ ಬಂದ ವರ್ಷ ಬೇರೆ, ಹಾಡು ಓಡಿದ ವರ್ಷ ಬೇರೆ. ನಾನು ಎಡವಿದ್ದು ಇಲ್ಲೇ. 1972 ಅಂತ ಹುಡುಕಿದರೆ ‘ನಾಗರಹಾವು’ ಎದುರಿಗೆ ಬರುತ್ತದೆ. ಆದರೆ ಅದು ತೆರೆಗೆ ಬಂದದ್ದು ಆ ವರ್ಷದ ಡಿಸೆಂಬರ್ ಕೊನೆಗೆ. ಮೇ ತಿಂಗಳ ಮದುವೆ ಚಪ್ಪರದಲ್ಲಿ ‘ಬಾರೆ ಬಾರೆ’ ಕೇಳಿರಲು ಸಾಧ್ಯವೇ ಇಲ್ಲ. ‘ಮುಂಗಾರು ಮಳೆ’ಯೂ ಹಾಗೇ. ಬಂದದ್ದು 2006ರ ಡಿಸೆಂಬರ್ 29ಕ್ಕೆ. ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿಯವರು ಬರೆದ ‘ಅನಿಸುತಿದೆ ಯಾಕೋ ಇಂದು’ ಬಸ್ಸು ಬಸ್ಸಿನಲ್ಲಿ ಕೇಳಿದ್ದು 2007ರಲ್ಲಿ. ಅದಕ್ಕೇ ಹಿಂದಿನ ವರ್ಷದ ಸಿನಿಮಾಗಳನ್ನು ಮೊದಲು ನೋಡಿ. ನಿಮ್ಮ ವರ್ಷದ ಕೊನೆಯ ತಿಂಗಳ ಸಿನಿಮಾಗಳನ್ನು ಬಿಟ್ಟುಬಿಡಿ.

ಹಿಂದಿ ಹಾಡು ಹುಡುಕುವುದು ಸುಲಭ. ಅಮೀನ್ ಸಯಾನಿಯವರ ರೇಡಿಯೋ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಇತ್ತಲ್ಲ! 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾಯಿತು. ಬುಧವಾರ ರಾತ್ರಿ ಎಂಟು ಗಂಟೆಗೆ. ರೆಕಾರ್ಡ್ ಎಷ್ಟು ಮಾರಾಟವಾಯಿತು, ಕೇಳುಗರು ಏನು ಬಯಸಿದರು ಅಂತ ನೋಡಿ ಹಾಡುಗಳಿಗೆ ಮೆಟ್ಟಿಲು, ಅಂದರೆ ಸ್ಥಾನ, ಕೊಡುತ್ತಿದ್ದರು. ವರ್ಷದ ಕೊನೆಗೆ ಒಂದು ದೊಡ್ಡ ಪಟ್ಟಿ. ಆ ಪಟ್ಟಿಗಳು ಈಗಲೂ ಸಿಗುತ್ತವೆ. 1972ರಲ್ಲಿ ಮೇಲೆ ಇದ್ದದ್ದು ಆಶಾ ಭೋಸ್ಲೆ ಹಾಡಿದ ‘ದಮ್ ಮಾರೋ ದಮ್’. ಅಪ್ಪ ಪಕ್ಕದ ಮನೆ ಜಗಲಿಯಲ್ಲಿ ಕೂತು ಇದನ್ನೇ ಕೇಳುತ್ತಿದ್ದರಂತೆ. ಇಳಿಸಿಕೊಳ್ಳುವಾಗ ಹುಷಾರು. 2011ರ ಸಿನಿಮಾಕ್ಕೆ ಇದೇ ಹಾಡನ್ನು ಹೊಸದಾಗಿ ಮಾಡಿದ್ದಾರೆ, ಅದು ಬೇಡ.

ಕನ್ನಡಕ್ಕೆ ಸ್ವಲ್ಪ ಜಾಸ್ತಿ ಓಡಾಟ ಬೇಕು. ಅಮ್ಮ ಶಿರಸಿ ಕಡೆಯವಳು, ಅವಳಿಗೆ ರೇಡಿಯೋ ಅಂದರೆ ಧಾರವಾಡ. 1971ರ ‘ಕಸ್ತೂರಿ ನಿವಾಸ’, ‘ಸಾಕ್ಷಾತ್ಕಾರ’, 1972ರ ‘ಬಂಗಾರದ ಮನುಷ್ಯ’ ತೆಗೆದುಕೊಂಡೆ. ಆಮೇಲೆ ಶಿರಸಿಗೆ ಹೋಗಿ ಚಿಕ್ಕಮ್ಮನ ಎದುರು ಕೂತೆ. ‘ಆಗ ಯಾವ ಹಾಡು ಇಷ್ಟವಾಗಿತ್ತು’ ಅಂತ ಕೇಳಬೇಡಿ, ಯಾರಿಗೂ ತಟ್ಟನೆ ನೆನಪಾಗುವುದಿಲ್ಲ. ಪಲ್ಲವಿಯನ್ನು ಅರ್ಧ ನಿಮಿಷ ಹಾಕಿ ನಿಲ್ಲಿಸಿ, ಸುಮ್ನೆ ಇರಿ. ಮುಂದಿನ ಸಾಲು ಅವರ ಬಾಯಲ್ಲಿ ಬಂದರೆ ಆ ಹಾಡು ಬೇಕೇ ಬೇಕು. ‘ಒಲವೇ ಜೀವನ ಸಾಕ್ಷಾತ್ಕಾರ’ ಹಾಕಿದಾಗ ಚಿಕ್ಕಮ್ಮ ಅಡಿಕೆ ಸುಲಿಯುವುದನ್ನು ಬಿಟ್ಟು ಪೂರ್ತಿ ಹಾಡಿದಳು. ನನ್ನ ಕಣ್ಣು ಒದ್ದೆಯಾಯಿತು.

ಒಟ್ಟು ಇಪ್ಪತ್ತು ಹಾಡು ಸಾಕು. ಊಟದ ಹೊತ್ತಿಗೆ ಸರಿಹೋಗುತ್ತದೆ. ಹಿಂದಿ ಎಲ್ಲ ಒಂದು ಕಡೆ, ಕನ್ನಡ ಒಂದು ಕಡೆ ಮಾಡಬೇಡಿ, ಬೆರೆಸಿ ಹಾಕಿ. ಇಬ್ಬರೂ ಕೊನೆತನಕ ಕೂರುತ್ತಾರೆ.

ಪೆನ್‌ಡ್ರೈವ್ ಕೊಟ್ಟ ಮೇಲೂ ಲ್ಯಾಪ್‌ಟಾಪ್ ಜೊತೆಗೇ ಇರಲಿ. ಮರುದಿನ ಬೆಳಿಗ್ಗೆ ದೋಸೆ ಹೊಯ್ಯುತ್ತಾ ಅಮ್ಮ ಕೇಳಿದಳು: “ಅಲ್ದಾ ತಮಾ, ‘ಆಹಾ ಮೈಸೂರು ಮಲ್ಲಿಗೆ’ ಹಾಕಿದ್ದೇ ಇಲ್ಯಲಾ?”