ಓಕೆಫೆನೋಕೀ ಜೌಗಿನಲ್ಲಿ ದೋಣಿ ನಡೆಸುವವರಿಗೆ

ಅಮೆರಿಕದ ಜಾರ್ಜಿಯಾದಲ್ಲಿರುವ ಓಕೆಫೆನೋಕೀ ವನ್ಯಜೀವಿ ಧಾಮಕ್ಕೆ ಮೊದಲ ಸಲ ಹೋಗುವವರು ಫೋಕ್‌ಸ್ಟನ್ ಕಡೆಯ ಪೂರ್ವ ದ್ವಾರವನ್ನೇ ಆರಿಸಿಕೊಳ್ಳಿ. ಜೌಗಿನ ನೀರು ಬಸಿಯಲೆಂದು 1891ರಲ್ಲಿ ತೋಡತೊಡಗಿದ ಸುವಾನೀ ಕಾಲುವೆ ಅಲ್ಲೇ ಇದೆ. ಅಗಲವಾದ ಜಲಮಾರ್ಗ, ಹೊಸಬರಿಗೆ ದಾರಿ ತಪ್ಪುವ ಭಯ ಕಡಿಮೆ.

ಹೊರಡುವಾಗ ಗಾಳಿ ಬೆನ್ನಿಗಿದ್ದರೆ ಎಚ್ಚರ, ವಾಪಸಾಗುವಾಗ ಅದೇ ಗಾಳಿಗೆ ಎದುರಾಗಿ ಹುಟ್ಟು ಹಾಕಬೇಕು. ಇಟ್ಟುಕೊಂಡ ಸಮಯದಲ್ಲಿ ಮೂರನೇ ಒಂದು ಭಾಗ ಮುಗಿಯುತ್ತಲೇ ದೋಣಿ ತಿರುಗಿಸಿ.

ಕಾಲುವೆ ಬಿಟ್ಟು ನೈದಿಲೆ ತುಂಬಿದ ಬಯಲಿಗೆ ಹೊರಳಿದರೆ ನೀರಿನ ಆಳ ಕಡಿಮೆಯಾಗುತ್ತದೆ. ತಳದಲ್ಲಿ ಕೊಳೆತ ಸಸ್ಯಗಳ ಪದರ ಅನಿಲ ತುಂಬಿಕೊಂಡು ತೇಲಿ ಬರುತ್ತದೆ. ಅದರ ಮೇಲೆ ಹುಲ್ಲು ಬೆಳೆದಿರುವುದರಿಂದ ಗಟ್ಟಿ ನೆಲದಂತೆಯೇ ಕಾಣುತ್ತದೆ, ಕಾಲಿಟ್ಟರೆ ಹೂತುಹೋಗುತ್ತದೆ. ದೋಣಿ ಸಿಕ್ಕಿಕೊಂಡರೆ ಇಳಿಯಲೇಬೇಡಿ. ಕೂತಲ್ಲೇ ಮೈಭಾರವನ್ನು ಹಿಂದಕ್ಕೆ ವಾಲಿಸಿ, ಹುಟ್ಟಿನಿಂದ ಹಿಮ್ಮುಖವಾಗಿ ತಳ್ಳಿ, ಬಂದ ದಾರಿಯಲ್ಲೇ ಹೊರಬನ್ನಿ.

ನೀರು ಕಡು ಚಹಾದ ಬಣ್ಣಕ್ಕಿರುವುದು ಸಸ್ಯಗಳ ಟ್ಯಾನಿನ್ ಎಂಬ ಒಗರು ಪದಾರ್ಥದಿಂದ. ಕೊಳಕಲ್ಲ, ಆದರೂ ಕುಡಿಯಬೇಡಿ. ಇಡೀ ದಿನಕ್ಕೆ ತಲೆಗೆ 4 ಲೀಟರ್ ನೀರು ಒಯ್ಯಿರಿ.

ಅಲಿಗೇಟರ್ ಮೊಸಳೆಗಳಿಂದ ಕನಿಷ್ಠ 20 ಅಡಿ ದೂರವಿರಿ, ಮರಿಗಳಿದ್ದರೆ ಇನ್ನೂ ದೂರ. ಬುಸುಗುಟ್ಟಿದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ, ನಿಧಾನಕ್ಕೆ ಹಿಂದೆ ಸರಿಯಿರಿ. ತಿನ್ನಲು ಏನನ್ನೂ ಎಸೆಯಬೇಡಿ. ಹಾಗೆ ಎಸೆದರೆ ಅವು ಮನುಷ್ಯರ ಅಂಜಿಕೆ ಬಿಟ್ಟುಬಿಡುತ್ತವೆ, ಕೊನೆಗೆ ಅವನ್ನೇ ಕೊಲ್ಲಬೇಕಾಗುತ್ತದೆ.

ದೋಣಿ ಬೇಡವೆನ್ನುವವರಿಗೆ ಚೆಸ್ಸರ್ ದ್ವೀಪದ ಹಲಗೆಹಾದಿಯಿದೆ, ತುದಿಯಲ್ಲಿ ವೀಕ್ಷಣಾ ಗೋಪುರ. ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಶುರುವಾಗುವ ಮೊದಲೇ ಅಲ್ಲಿಂದ ಇಳಿದುಬಿಡಿ.